ಐಲ್ ರಾಯಲ್ ದ್ವೀಪದ ತೋಳಗಳು: ಒಂದು ದೀರ್ಘ ಅಧ್ಯಯನ ಮತ್ತು ಅಹಿಂಸೆಯ ಕೆಲವು ಪ್ರಶ್ನೆಗಳು

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕಷ್ಟಕ್ಕೆ ಸಿಲುಕಿದವನ ಮೇಲೆ ಕಂಡಕಂಡವರೆಲ್ಲ ಕೈಮಾಡುವರೆಂಬುದು ಅದರ ತಾತ್ಪರ್ಯ. ಗಾದೆಯನ್ನು ಉಪಮೆಯಾಗಿ ಬಳಸುವ ನಾವು ಅದರ ಮಾತನ್ನು ಮಾತಾಗಿಯೇ ನೋಡುವುದು ವಿರಳ. ಹಳ್ಳಕ್ಕೆ ಬಿದ್ದ ತೋಳದ ಮೇಲೆ ಕಲ್ಲೆಸೆಯುವವನು, ಅದು ತನಗೆ ಮಾಡಿದ ಕೇಡೇನು ಎಂದು ಕೇಳುವುದಿಲ್ಲ. ಹಳ್ಳವನ್ನು ತೋಡಿದವರು ಯಾರು ಎಂದೂ ವಿಚಾರಿಸುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿರುವ ಒಂದು ದ್ವೀಪದಲ್ಲಿ ಮೂರು ತೋಳಗಳು ನಿಜವಾಗಿಯೇ ಹಳ್ಳಕ್ಕೆ ಬಿದ್ದು ಸತ್ತ ಸಂಗತಿ 2012ರಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಕಲ್ಲೆಸೆಯುವವರು ಯಾರೂ ಇರಲಿಲ್ಲ. ಬದಲಾಗಿ, ಆ ಹಳ್ಳವನ್ನು ತೋಡಿದವರು ಯಾರು, ಅದರ ಹೊಣೆ ಯಾರದು ಎಂಬ ಪ್ರಶ್ನೆ ವಿದ್ವಾಂಸರಲ್ಲಿಯೂ ಅಧಿಕಾರಿಗಳಲ್ಲಿಯೂ ಎದ್ದಿತು. ತೋಳವನ್ನು ಕೊಂದವರಿಗೆ ಮುನ್ನೂರು ವರ್ಷಗಳಿಗೂ ಮೀರಿ ಬಹುಮಾನ ಕೊಟ್ಟ ದೇಶ ಇಂಥ ಪ್ರಶ್ನೆಯನ್ನು ಕೇಳುವ ಹಂತಕ್ಕೆ ಬಂದದ್ದು ಹೇಗೆ ಎಂಬುದನ್ನು ನಿರೂಪಿಸಿ, ಅದರಿಂದ ನಾವು ಗ್ರಹಿಸಬಹುದಾದುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದ್ವೇಷದ ಕಾಲ

ಯೂರೋಪಿನಿಂದ ವಲಸೆ ಬಂದು ಅಮೆರಿಕದ ಪೂರ್ವ ತೀರದಲ್ಲಿ ನೆಲೆಸಿದ ಮ್ಯಾಸಚೂಸೆಟ್ಸ್ ಬೇ ವಸಾಹತುವಿನವರು 1630ರಲ್ಲಿಯೇ ತೋಳವನ್ನು ಕೊಂದವರಿಗೆ ಹಣ ಕೊಡುವ ಕಟ್ಟಳೆಯನ್ನು ಮಾಡಿದರು. ಆ ಪದ್ಧತಿ ಕ್ರಮೇಣ ಪಶ್ಚಿಮಕ್ಕೆ ಹಬ್ಬಿತು. ಕಾಡನ್ನು ಕಡಿದು, ಅಲ್ಲಿನ ಜಿಂಕೆ, ಕಾಡೆಮ್ಮೆಗಳನ್ನು ಕೊಂದು ಮುಗಿಸಿ, ಆ ನೆಲದಲ್ಲಿ ದನಕುರಿಗಳನ್ನು ಬಿಟ್ಟ ಮೇಲೆ ತೋಳಕ್ಕೆ ಸಾಕುಪ್ರಾಣಿಯ ಹೊರತು ಬೇರೆ ಆಹಾರ ಉಳಿಯಲಿಲ್ಲ. ಅದು ಕುರಿಯನ್ನು ಹಿಡಿದಾಗ ಅಪರಾಧವೆಲ್ಲ ಅದರದೇ ಆಯಿತು. ಬಂದೂಕು, ಬೋನು, ವಿಷ ಬೆರೆಸಿದ ಮಾಂಸ ಎಲ್ಲವೂ ಬಳಕೆಗೆ ಬಂದವು. 1915ರಿಂದ ಕೇಂದ್ರ ಸರ್ಕಾರವೇ ಈ ಕಾರ್ಯಕ್ಕೆಂದು ಹಣ ಒದಗಿಸಿತು. ಪ್ರಸಿದ್ಧವಾದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿಯೂ 1926ರ ವೇಳೆಗೆ ತೋಳದ ಸಂತತಿ ಅಳಿಯಿತು. ಮಿಷಿಗನ್ ರಾಜ್ಯದಲ್ಲಿ ಬಹುಮಾನದ ಪದ್ಧತಿ 1960ರವರೆಗೂ ನಡೆಯಿತು. ಆ ಹೊತ್ತಿಗೆ ಅಲಾಸ್ಕವನ್ನು ಬಿಟ್ಟರೆ ಇಡೀ ದೇಶದಲ್ಲಿ ತೋಳಗಳು ಗಣನೀಯವಾಗಿ ಉಳಿದದ್ದು ಎರಡೇ ಎಡೆಗಳಲ್ಲಿ: ಮಿನೆಸೋಟ ರಾಜ್ಯದ ಈಶಾನ್ಯ ಮೂಲೆಯ ಕಾಡುಗಳಲ್ಲಿ ಮತ್ತು ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪದಲ್ಲಿ.

ಇಷ್ಟೊಂದು ತೋಳಗಳನ್ನು ಕೊಂದವರಲ್ಲಿ ತೋಳದ ಜೀವನವನ್ನು ನಿಂತು ನೋಡಿದವರು ಇರಲಿಲ್ಲವೆಂದೇ ಹೇಳಬೇಕು. ಆ ಕೆಲಸವನ್ನು ಮೊದಲಿಗೆ ಕ್ರಮವಾಗಿ ಮಾಡಿದವರು ಅಡಾಲ್ಫ್ ಮ್ಯೂರಿ. ಅವರು 1939ರಿಂದ 1941ರವರೆಗೆ ಅಲಾಸ್ಕದ ಮೌಂಟ್ ಮೆಕಿನ್ಲಿ ಉದ್ಯಾನದಲ್ಲಿ ತೋಳದ ಗುಹೆಗಳ ಎದುರು ಗಂಟೆಗಟ್ಟಲೆ ಕುಳಿತು ನೋಡಿದರು. ಬೆಟ್ಟದ ಕುರಿಗಳ ನೂರಾರು ತಲೆಬುರುಡೆಗಳನ್ನು ಆಯ್ದು, ಹಲ್ಲು ಕೊಂಬುಗಳಿಂದ ಅವುಗಳ ವಯಸ್ಸನ್ನು ಗುರುತಿಸಿದರು. ತೋಳಕ್ಕೆ ಸಿಕ್ಕವುಗಳಲ್ಲಿ ಬಹುಪಾಲು ಎಳೆಯವು, ಮುದಿಯವು ಅಥವಾ ರೋಗಗ್ರಸ್ತವಾದವು ಎಂಬುದು ಅವರ ನಿರ್ಣಯವಾಗಿತ್ತು. 1944ರಲ್ಲಿ ಪ್ರಕಟವಾದ ಅವರ ವರದಿ ತೋಳವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆಯಿತು. ಅಷ್ಟರಿಂದಲೇ ಶತಮಾನಗಳ ಒಂದು ನಂಬಿಕೆಯ ಬುಡ ಸಡಿಲವಾಯಿತು.

ದ್ವೀಪಕ್ಕೆ ಬಂದವರು

ಐಲ್ ರಾಯಲ್ ಸುಮಾರು 72 ಕಿಲೋಮೀಟರ್ ಉದ್ದ, 14 ಕಿಲೋಮೀಟರ್ ಅಗಲದ ದ್ವೀಪ. ವಿಸ್ತೀರ್ಣ 535 ಚದರ ಕಿಲೋಮೀಟರ್. ಕೆನಡದ ದಡ ಅಲ್ಲಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ತಾಮ್ರದ ಗಣಿಗಳು ನಡೆದಿದ್ದವು. ಅವು ನಿಂತ ಮೇಲೆ ದ್ವೀಪ ಮತ್ತೆ ಕಾಡಾಯಿತು. 1940ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಬೇಟೆಯಿಲ್ಲ, ಸಾಗುವಳಿಯಿಲ್ಲ, ದನಕುರಿಗಳಿಲ್ಲ. ಚಳಿಗಾಲದಲ್ಲಿ ಪ್ರವಾಸಿಗಳಿಗೆ ಪ್ರವೇಶವೂ ಇಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ದ್ವೀಪಕ್ಕೆ ಮೂಸ್ ಎಂಬ ಪ್ರಾಣಿ ಬಂದು ಸೇರಿತು. ಜಿಂಕೆಯ ಕುಲದಲ್ಲಿ ಅತ್ಯಂತ ದೊಡ್ಡದಾದ ಇದು ನಮ್ಮ ಕಡವೆಗಿಂತಲೂ ಬಹಳ ಎತ್ತರ. ಅಲ್ಲಿ ಅದಕ್ಕೆ ಶತ್ರುಗಳಿರಲಿಲ್ಲ, ಮೇವು ಹೇರಳವಾಗಿತ್ತು. ಸಂಖ್ಯೆ ಸಾವಿರವನ್ನು ಮೀರಿ ಬೆಳೆಯಿತು. ಮೇಲೆ ಹೇಳಿದ ಮ್ಯೂರಿಯವರೇ 1929–30ರಲ್ಲಿ ಅಲ್ಲಿಗೆ ಹೋಗಿ, ಕಾಡಿನ ಚಿಗುರೆಲ್ಲ ಬೋಳಾಗಿರುವುದನ್ನು ಕಂಡು, ಮುಂದೆ ಹಸಿವಿನಿಂದ ಸಾಮೂಹಿಕ ಮರಣ ಸಂಭವಿಸುವುದೆಂದು ಎಚ್ಚರಿಸಿದ್ದರು. 1930ರ ದಶಕದ ಮಧ್ಯದಲ್ಲಿ ಅದು ಹಾಗೆಯೇ ಆಯಿತು. ತೋಳಗಳಿಲ್ಲದ ದ್ವೀಪದಲ್ಲಿ ನೂರಾರು ಮೂಸ್‌ಗಳು ಹೊಟ್ಟೆಗಿಲ್ಲದೆ ಸತ್ತವು.

1940ರ ದಶಕದ ಕೊನೆಯಲ್ಲಿ ಸರೋವರ ಹೆಪ್ಪುಗಟ್ಟಿದ ಒಂದು ಚಳಿಗಾಲ, ಹಿಮದ ಮೇಲೆ ನಡೆದು ತೋಳಗಳು ತಾವಾಗಿಯೇ ದ್ವೀಪವನ್ನು ಸೇರಿದವು. ಇದಕ್ಕೂ ಮನುಷ್ಯರ ಪ್ರಯತ್ನಕ್ಕೂ ಸಂಬಂಧವಿರಲಿಲ್ಲ. 1952ರಲ್ಲಿ ಮೃಗಾಲಯದಲ್ಲಿ ಬೆಳೆದ ನಾಲ್ಕು ತೋಳಗಳನ್ನು ಅಲ್ಲಿಗೆ ತಂದು ಬಿಟ್ಟ ಒಂದು ಪ್ರಯತ್ನವೇನೋ ನಡೆಯಿತು. ಆದರೆ ಮನುಷ್ಯರಿಗೆ ಒಗ್ಗಿಹೋಗಿದ್ದ ಅವು ಕಾಡಿನಲ್ಲಿ ಬಾಳಲಾರದೆ ಜನರ ಬಳಿಗೇ ಬರತೊಡಗಿದ್ದರಿಂದ ಆ ಯತ್ನ ವಿಫಲವಾಯಿತು.

ಅರವತ್ತು ವರ್ಷಗಳ ದಿನವಹಿ

ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡರ್ವರ್ಡ್ ಅಲೆನ್ 1958ರಲ್ಲಿ ಈ ದ್ವೀಪದ ತೋಳ ಮತ್ತು ಮೂಸ್‌ಗಳ ಅಧ್ಯಯನವನ್ನು ಆರಂಭಿಸಿದರು. ಹತ್ತು ವರ್ಷಗಳ ಕಾರ್ಯವೆಂದು ತೊಡಗಿದ ಆ ಅಧ್ಯಯನ ಇಂದಿಗೂ ಮುಂದುವರಿದಿದೆ. ಬೇಟೆಯಾಡುವ ಪ್ರಾಣಿ ಮತ್ತು ಅದರ ಬೇಟೆ, ಇವೆರಡರ ಸಂಬಂಧವನ್ನು ಒಂದೇ ಸ್ಥಳದಲ್ಲಿ ಇಷ್ಟು ದೀರ್ಘಕಾಲ ಎಡೆಬಿಡದೆ ಗಮನಿಸಿದ ಮತ್ತೊಂದು ಅಧ್ಯಯನ ಜಗತ್ತಿನಲ್ಲಿಲ್ಲ. ಅಲೆನ್ ಅವರ ಮೊದಲ ಶಿಷ್ಯ ಡೇವಿಡ್ ಮೀಚ್. 1970ರಲ್ಲಿ ಶಿಷ್ಯರಾಗಿ ಬಂದ ರೋಲ್ಫ್ ಪೀಟರ್ಸನ್ ಅನಂತರ ದಶಕಗಳ ಕಾಲ ಇದರ ನೇತೃತ್ವ ವಹಿಸಿದರು. ಅವರ ತರುವಾಯ ಜಾನ್ ವುಸೆಟಿಚ್ ಆ ಹೊಣೆಯನ್ನು ಹೊತ್ತರು. ನೀತಿಶಾಸ್ತ್ರದ ವಿದ್ವಾಂಸರಾದ ಮೈಕೆಲ್ ನೆಲ್ಸನ್ ಅವರೂ ಈ ಬಳಗವನ್ನು ಸೇರಿದ್ದು ಗಮನಾರ್ಹ.

ಅವರ ಕಾರ್ಯವಿಧಾನ ಸರಳವಾದುದು, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಪ್ರತಿ ಚಳಿಗಾಲ ಹಲವು ವಾರ ದ್ವೀಪದಲ್ಲಿ ಬಿಡಾರ ಹೂಡಿ, ಹಿಮದ ಮೇಲೆ ಇಳಿಯಬಲ್ಲ ಪುಟ್ಟ ವಿಮಾನದಲ್ಲಿ ಹಾರುತ್ತ, ಹೆಜ್ಜೆಯ ಜಾಡು ಹಿಡಿದು ತೋಳಗಳನ್ನೂ ಮೂಸ್‌ಗಳನ್ನೂ ಲೆಕ್ಕ ಮಾಡುವುದು. ಬೇಸಿಗೆಯಲ್ಲಿ ಕಾಲ್ನಡಿಗೆಯಿಂದ ಕಾಡು ಸುತ್ತಿ, ಸತ್ತ ಮೂಸ್‌ಗಳ ಮೂಳೆಗಳನ್ನು ಆಯ್ದು ತರುವುದು. ಹೀಗೆ ಸಂಗ್ರಹವಾದ ಅಸ್ಥಿಗಳು ಸಾವಿರಾರು ಪ್ರಾಣಿಗಳಿಗೆ ಸೇರಿದವು. ಈಚಿನ ದಶಕಗಳಲ್ಲಿ ತೋಳದ ಮಲವನ್ನು ಪರೀಕ್ಷಿಸಿ, ಅದರಲ್ಲಿನ ಡಿಎನ್ಎಯಿಂದ ಪ್ರತಿಯೊಂದು ತೋಳದ ತಂದೆತಾಯಿಗಳನ್ನು ಗುರುತಿಸುವುದೂ ಸಾಧ್ಯವಾಯಿತು. ವ್ಯಾಪಾರ ಮಾಡುವವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಒಂದು ದಿನದ ದಿನವಹಿಯಿಂದ ಅಂಗಡಿಯ ಸ್ಥಿತಿ ತಿಳಿಯುವುದಿಲ್ಲ. ವರ್ಷವರ್ಷವೂ ಬಿಡದೆ ಬರೆದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಲಾಭನಷ್ಟಗಳ ನಿಜವಾದ ಕಾರಣ ಗೋಚರವಾಗುತ್ತದೆ.

ಆ ಲೆಕ್ಕ ತೋರಿಸಿದ್ದೇನು? ತೋಳ ತನಗೆ ಬೇಕಾದಾಗ ಬೇಕಾದುದನ್ನು ಕೊಲ್ಲುವ ಸರ್ವಶಕ್ತ ಪ್ರಾಣಿಯಲ್ಲ ಎಂಬುದು ಮೊದಲನೆಯದು. ಹಿಂಡು ಎದುರುಗೊಂಡು ಪರೀಕ್ಷಿಸಿದ 77 ಮೂಸ್‌ಗಳ ಪೈಕಿ ಅದಕ್ಕೆ ಕೊಲ್ಲಲು ಸಾಧ್ಯವಾದದ್ದು 6 ಮಾತ್ರ ಎಂದು ಮೀಚ್ ದಾಖಲಿಸಿದರು. ಅಂದರೆ ನೂರಕ್ಕೆ ಎಂಟೂ ಇಲ್ಲ. ನಿಂತು ಎದುರಿಸಿದ ಆರೋಗ್ಯವಂತ ಮೂಸ್‌ನ ಒಂದೇ ಒದೆತಕ್ಕೆ ತೋಳದ ಪಕ್ಕೆಲುಬು ಮುರಿಯಬಹುದು. ಬೇಟೆಯಾದ ದೊಡ್ಡ ಪ್ರಾಣಿಗಳ ಮೂಳೆಗಳಲ್ಲಿ ಸಂಧಿವಾತದ ಗುರುತುಗಳು ಪದೇ ಪದೇ ಕಂಡವು. ಎಳವೆಯಲ್ಲಿ ಸಾಕಷ್ಟು ಆಹಾರ ಸಿಗದೆ ಬೆಳೆದ ಮೂಸ್‌ಗಳಿಗೆ ಮುಪ್ಪಿನಲ್ಲಿ ಈ ವ್ಯಾಧಿ ಹೆಚ್ಚಾಗಿ ಬರುತ್ತದೆಂಬುದೂ ಆ ಮೂಳೆಗಳಿಂದಲೇ ತಿಳಿಯಿತು. ಇನ್ನೊಂದು ಸಂಗತಿಯೂ ಇದೆ. ತೋಳಗಳು ಕಡಿಮೆಯಾದ ವರ್ಷಗಳಲ್ಲಿ ಮೂಸ್ ಹೆಚ್ಚುತ್ತದೆ, ಮೂಸ್ ಹೆಚ್ಚಿದಾಗ ಫರ್ ಮರಗಳ ಬೆಳವಣಿಗೆ ಕುಗ್ಗುತ್ತದೆ. ಈ ಏರಿಳಿತ ಮರದ ಕಾಂಡದ ವಾರ್ಷಿಕ ಉಂಗುರಗಳಲ್ಲಿಯೇ ಅಚ್ಚೊತ್ತಿದಂತೆ ಮೂಡಿರುವುದನ್ನು 1994ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿಕೊಟ್ಟಿತು.

ಈ ವಿದ್ವಾಂಸರ ಸತ್ಯನಿಷ್ಠೆಗೆ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ತೋಳದ ಹಿಂಡಿನಲ್ಲಿ ಸದಾ ಕಾದಾಟ ನಡೆದು, ಬಲಿಷ್ಠನೊಬ್ಬ ಒಡೆಯನಾಗುತ್ತಾನೆಂಬ ಅಭಿಪ್ರಾಯ ಬಹುಕಾಲ ರೂಢಿಯಲ್ಲಿತ್ತು. ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ಅಪರಿಚಿತ ತೋಳಗಳನ್ನು ನೋಡಿ ಹುಟ್ಟಿದ ಅಭಿಪ್ರಾಯ ಅದು. ಮೀಚ್ ಅವರು 1970ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅದನ್ನು ಸ್ವೀಕರಿಸಿದ್ದರು. ಮುಂದೆ ಉತ್ತರ ಧ್ರುವದ ಸಮೀಪದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳನ್ನು ಹಲವು ಬೇಸಿಗೆಗಳಲ್ಲಿ ಹತ್ತಿರದಿಂದ ನೋಡಿದಾಗ, ಹಿಂಡೆಂಬುದು ತಂದೆತಾಯಿ ಮತ್ತು ಮಕ್ಕಳ ಒಂದು ಕುಟುಂಬವೇ ಎಂಬುದು ಅವರಿಗೆ ಸ್ಪಷ್ಟವಾಯಿತು. ಅಲ್ಲಿ ಹಿರಿಯರು ಕಿರಿಯರನ್ನು ನಡೆಸುವುದು ನಮ್ಮ ಮನೆಗಳಲ್ಲಿ ನಡೆಸುವ ಹಾಗೆಯೇ. 1999ರಲ್ಲಿ ಅವರು ಈ ತಿದ್ದುಪಡಿಯನ್ನು ಬರೆದು ಪ್ರಕಟಿಸಿದರು. ಅಷ್ಟೇ ಅಲ್ಲದೆ ಹಳೆಯ ಗ್ರಂಥದ ಮರುಮುದ್ರಣವನ್ನೇ ನಿಲ್ಲಿಸಬೇಕೆಂದು ಪ್ರಕಾಶಕರನ್ನು ಕೇಳಿಕೊಂಡರು. ತನ್ನ ಹೆಸರಿಗೆ ಕೀರ್ತಿ ತಂದ ಪುಸ್ತಕವನ್ನು ಅದರಲ್ಲಿನ ದೋಷಕ್ಕಾಗಿ ತಾನೇ ಹಿಂತೆಗೆದುಕೊಳ್ಳುವುದು ಸಾಮಾನ್ಯವಾದ ತ್ಯಾಗವಲ್ಲ.

ನಾಯಿ, ಹಿಮ, ಗಣಿ

1980ರಲ್ಲಿ ದ್ವೀಪದ ತೋಳಗಳ ಸಂಖ್ಯೆ 50ನ್ನು ಮುಟ್ಟಿತು. ಎರಡೇ ವರ್ಷಗಳಲ್ಲಿ, 1982ರ ಹೊತ್ತಿಗೆ, ಅದು 14ಕ್ಕೆ ಕುಸಿಯಿತು. ಬೇಟೆಗಾರರಿಲ್ಲದ, ವಿಷವಿಡುವವರಿಲ್ಲದ ಉದ್ಯಾನದಲ್ಲಿ ಇದು ಹೇಗಾಯಿತು? ನಾಯಿಗಳಿಗೆ ತಗಲುವ ಪಾರ್ವೋ ಎಂಬ ವೈರಾಣು ದ್ವೀಪವನ್ನು ಹೊಕ್ಕಿತ್ತೆಂದು ಸಂಶೋಧಕರು ಕಂಡುಕೊಂಡರು. ಉದ್ಯಾನಕ್ಕೆ ನಾಯಿಯನ್ನು ತರಬಾರದೆಂಬ ನಿಯಮವಿತ್ತು. ಆದರೂ ಯಾರೋ ಸಾಕುನಾಯಿಯೊಂದನ್ನು ತಂದಿದ್ದರು. ಆ ಮನುಷ್ಯನಿಗೆ ತೋಳದ ಮೇಲೆ ದ್ವೇಷವಿದ್ದಿರಲಾರದು, ಪ್ರಾಯಶಃ ನಾಯಿಯ ಮೇಲಿನ ಪ್ರೀತಿಯಿಂದಲೇ ಅದನ್ನು ಜೊತೆಗೆ ಕರೆತಂದಿರಬೇಕು.

ತೋಳಗಳು ಕುಗ್ಗಿದ ಮೇಲೆ ಮೂಸ್ ಹೆಚ್ಚುತ್ತ ಹೋಗಿ 1995ರಲ್ಲಿ ಸುಮಾರು 2,400 ಆಯಿತು. ಕಾಡು ಮತ್ತೆ ಬೋಳಾಯಿತು. 1996ರ ಕಠೋರವಾದ ಚಳಿಗಾಲ, ಉಣ್ಣಿಗಳ ಬಾಧೆ ಮತ್ತು ಮೇವಿನ ಅಭಾವ ಒಟ್ಟುಗೂಡಿ, ಎರಡು ವರ್ಷಗಳಲ್ಲಿ ಅವುಗಳ ಸಂಖ್ಯೆ ಸುಮಾರು 500ಕ್ಕೆ ಇಳಿಯಿತು. ಒಂದು ನಾಯಿಯ ರೋಗದ ಪರಿಣಾಮ ಹದಿನೈದು ವರ್ಷಗಳ ತರುವಾಯ ಸಾವಿರಾರು ಮೂಸ್‌ಗಳನ್ನೂ ಇಡೀ ಕಾಡನ್ನೂ ತಟ್ಟಿತು.

ಎರಡನೆಯ ಕಾರಣ ಇನ್ನೂ ದೂರದ್ದು. ದ್ವೀಪದ ತೋಳಗಳೆಲ್ಲ ಕೆಲವೇ ಪೂರ್ವಜರ ಸಂತಾನವಾದ್ದರಿಂದ ಕಾಲಕ್ರಮದಲ್ಲಿ ರಕ್ತಸಂಬಂಧಿಗಳಲ್ಲಿಯೇ ಸಂತಾನ ನಡೆಯಿತು. ಹಿಮದ ಸೇತುವೆಯನ್ನು ದಾಟಿ ಆಗಾಗ್ಗೆ ಹೊಸ ತೋಳವೊಂದು ಬಂದರೆ ಈ ದೋಷ ಪರಿಹಾರವಾಗುತ್ತದೆ. 1997ರಲ್ಲಿ ಹಾಗೆ ಬಂದ ಒಂದು ಗಂಡು ತೋಳಕ್ಕೆ 34 ಮರಿಗಳಾಗಿ, ಕೆಲಕಾಲ ಸಂತತಿ ಚೇತರಿಸಿಕೊಂಡಿತು. ಆದರೆ ಒಂದೇ ತೋಳದಿಂದ ಬಂದ ಲಾಭ ಒಂದೆರಡು ತಲೆಮಾರಿಗೆ ತೀರಿಹೋಯಿತು. 1960ರ ದಶಕದಲ್ಲಿ ಬಹುತೇಕ ಚಳಿಗಾಲಗಳಲ್ಲಿ ಕಟ್ಟುತ್ತಿದ್ದ ಹಿಮಸೇತುವೆ, ಭೂಮಿಯ ತಾಪ ಏರಿದಂತೆ, ಈ ಶತಮಾನದಲ್ಲಿ ಅಪರೂಪವಾಯಿತು. ಹೊಸ ರಕ್ತ ಬರುವ ದಾರಿ ಮುಚ್ಚಿತು. ಪರೀಕ್ಷಿಸಿದ ತೋಳಗಳ ಅಸ್ಥಿಪಂಜರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹುಟ್ಟಿನಿಂದಲೇ ಬೆನ್ನೆಲುಬಿನ ವಿಕಾರಗಳಿದ್ದವೆಂದು 2009ರಲ್ಲಿ ವರದಿಯಾಯಿತು. 2014ರಲ್ಲಿ ಸರೋವರ ಹೆಪ್ಪುಗಟ್ಟಿತಾದರೂ ಹೊಸ ತೋಳ ಯಾವುದೂ ಬರಲಿಲ್ಲ. ದ್ವೀಪದಿಂದ ಹೊರಟ ಐದು ವರ್ಷದ ಹೆಣ್ಣು ತೋಳವೊಂದು ಎದುರು ದಡ ಸೇರಿ, ಗಾಳಿಕೋವಿಯ ಗುಂಡಿಗೆ ಬಲಿಯಾಯಿತು.

ಮೂರನೆಯದೇ ಆರಂಭದಲ್ಲಿ ಹೇಳಿದ ಹಳ್ಳ. 2011ರಲ್ಲಿ 16 ಇದ್ದ ತೋಳಗಳು 2012ರಲ್ಲಿ 9ಕ್ಕೆ ಇಳಿದಿದ್ದವು. ಆ ವಸಂತದಲ್ಲಿ ನೀರು ತುಂಬಿದ ಹಳೆಯ ಗಣಿಬಾವಿಯೊಂದರಲ್ಲಿ ಮೂರು ತೋಳಗಳ ದೇಹಗಳು ತೇಲುತ್ತಿರುವುದು ಕಂಡಿತು. ನೂರು ವರ್ಷಗಳಿಗೂ ಹಿಂದೆ ತಾಮ್ರಕ್ಕಾಗಿ ತೋಡಿ, ಲಾಭ ನಿಂತೊಡನೆ ಬಾಯಿ ಮುಚ್ಚದೆ ಬಿಟ್ಟುಹೋದ ಗುಂಡಿ ಅದು. ತೋಡಿದವರು ಕಾಲವಾಗಿ ಎಷ್ಟೋ ವರ್ಷಗಳಾಗಿದ್ದವು. ಅವರ ಲೆಕ್ಕಪುಸ್ತಕಗಳಲ್ಲಿ ಆ ಗಣಿಯ ಖಾತೆ ಎಂದೋ ಮುಗಿದಿತ್ತು. ಆದರೆ ಅದರ ಕರ್ಮಫಲ ಮುಗಿದಿರಲಿಲ್ಲ.

ಈ ಮೂರು ಸಂಗತಿಗಳಲ್ಲಿ ಯಾವುದರಲ್ಲಿಯೂ ಕೊಲ್ಲುವ ಸಂಕಲ್ಪವಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿರುವುದು ನಮಗೆಲ್ಲ ವಿದಿತವೇ. ಎಚ್ಚರಗೇಡಿತನವೂ ಹಿಂಸೆಯ ಮೂಲವೆಂಬ ಈ ತತ್ತ್ವವನ್ನು ನಾವು ಸಾಮಾನ್ಯವಾಗಿ ನಡೆಯುವಾಗ, ನೀರು ಸೋಸುವಾಗ, ದೀಪ ಹಚ್ಚುವಾಗ ನೆನೆಯುತ್ತೇವೆ. ಪ್ರಮಾದದ ಫಲ ನೂರು ವರ್ಷಗಳ ತರುವಾಯ, ಪ್ರಮಾದ ಮಾಡಿದವನ ಕಣ್ಣಿಗೆ ಬೀಳದ ಎಡೆಯಲ್ಲಿ ಸಂಭವಿಸಬಹುದೆಂಬುದನ್ನು ಐಲ್ ರಾಯಲ್ ದ್ವೀಪದ ದಾಖಲೆ ತೋರಿಸಿಕೊಡುತ್ತದೆ.

ಕೈಕಟ್ಟಿ ಕುಳಿತರೆ ಅಹಿಂಸೆಯೆ?

2016ರ ವೇಳೆಗೆ ಉಳಿದದ್ದು ಎರಡೇ ತೋಳಗಳು: ಒಂದು ಗಂಡು, ಮತ್ತೊಂದು ಅದರದೇ ಮಗಳು. ಅವುಗಳಿಂದ ಸಂತತಿ ಮುಂದುವರಿಯುವ ಆಸೆ ಇರಲಿಲ್ಲ. ಹೊರಗಿನಿಂದ ತೋಳಗಳನ್ನು ತಂದು ಬಿಡಬೇಕೆ ಬೇಡವೆ ಎಂಬ ಚರ್ಚೆ ಅದಕ್ಕೆ ಕೆಲವು ವರ್ಷ ಮೊದಲೇ ಆರಂಭವಾಗಿತ್ತು.

ದ್ವೀಪದ ಬಹುಭಾಗ 1976ರಿಂದ ಕಾನೂನಿನ ಪ್ರಕಾರ ಮನುಷ್ಯ ಕೈಹಾಕಬಾರದ ವನ್ಯಪ್ರದೇಶ. ಆದ್ದರಿಂದ ಪ್ರಕೃತಿಯನ್ನು ಅದರ ಪಾಡಿಗೆ ಬಿಡುವುದೇ ಧರ್ಮವೆಂದು ಒಂದು ಪಕ್ಷ ವಾದಿಸಿತು. ದ್ವೀಪದಲ್ಲಿಯೇ ತಮ್ಮ ವೃತ್ತಿಯನ್ನು ಆರಂಭಿಸಿದ ಮೀಚ್ ಅವರು, ಅವಸರಪಡದೆ ಎಚ್ಚರದಿಂದ ಕಾದುನೋಡುವುದು ಲೇಸೆಂದು 2013ರಲ್ಲಿ ಬರೆದರು. ಪೀಟರ್ಸನ್, ವುಸೆಟಿಚ್ ಮತ್ತು ನೆಲ್ಸನ್ ಅವರದು ಬೇರೆ ಮತ. ನಾಯಿಯ ರೋಗ, ಗಣಿಯ ಗುಂಡಿ, ಕರಗಿದ ಹಿಮ ಇವೆಲ್ಲವೂ ಮನುಷ್ಯನ ಕೈವಾಡವೇ ಆಗಿರುವಾಗ, ಕೆಡಿಸುವವರೆಗೆ ಕೈಹಾಕಿ, ಸರಿಪಡಿಸುವ ಹೊತ್ತಿಗೆ ಕೈಕಟ್ಟುವುದು ನ್ಯಾಯವಲ್ಲವೆಂಬುದು ಅವರ ವಾದದ ಸಾರ. ಒಂದೇ ಗುರುಪರಂಪರೆಯ ವಿದ್ವಾಂಸರು ಹೀಗೆ ಬೇರೆಯಾದರೂ ಅವರ ನಡುವೆ ಅಂಕಿಅಂಶಗಳ ವಿಷಯದಲ್ಲಿ ಜಗಳವಿರಲಿಲ್ಲ. ಅರವತ್ತು ವರ್ಷಗಳ ಲೆಕ್ಕ ಎಲ್ಲರೆದುರು ತೆರೆದಿಟ್ಟಿತ್ತು. ಜಗಳ ಕರ್ತವ್ಯದ ವಿಷಯದಲ್ಲಿ ಮಾತ್ರ. ಅಂಥ ಜಗಳ ಯಾವ ಸಮಾಜಕ್ಕೂ ಗೌರವವನ್ನೇ ತರುತ್ತದೆ.

ಕೊನೆಗೆ 2018ರಲ್ಲಿ ಉದ್ಯಾನ ಇಲಾಖೆ ತೋಳಗಳನ್ನು ತರಲು ನಿರ್ಧರಿಸಿತು. 2018 ಮತ್ತು 2019ರಲ್ಲಿ ಮಿನೆಸೋಟ, ಮಿಷಿಗನ್ ಮತ್ತು ಕೆನಡದ ಆಂಟೇರಿಯೋ ಪ್ರಾಂತ್ಯದಿಂದ ಒಟ್ಟು 19 ತೋಳಗಳನ್ನು ದ್ವೀಪಕ್ಕೆ ಸಾಗಿಸಲಾಯಿತು. ಅವುಗಳಲ್ಲಿ ಕೆಲವು ಮಿಶಿಪಿಕೋಟೆನ್ ಎಂಬ ಮತ್ತೊಂದು ದ್ವೀಪದಲ್ಲಿ ಆಹಾರ ಮುಗಿದು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದವು. ಈ ಕಾರ್ಯ ನೋವಿಲ್ಲದೆ ನಡೆಯಲಿಲ್ಲ. ಹಿಡಿದ ತೋಳಗಳಲ್ಲಿ ಒಂದು ಸಾಗಣೆಗೆ ಮೊದಲೇ ಸತ್ತಿತು, ದ್ವೀಪ ಸೇರಿದವುಗಳಲ್ಲಿಯೂ ಕೆಲವು ಸತ್ತವು, ಒಂದು ಹೆಣ್ಣು ತೋಳ 2019ರ ಜನವರಿಯಲ್ಲಿ ಹಿಮ ಕಟ್ಟಿದೊಡನೆ ನಡೆದು ತನ್ನ ದಡಕ್ಕೆ ಹಿಂತಿರುಗಿತು. ಉಳಿದವು ನೆಲೆನಿಂತು ಮರಿಮಾಡಿದವು. 2024ರ ಗಣತಿಯಲ್ಲಿ ಅವುಗಳ ಸಂಖ್ಯೆ 30. 2019ರಲ್ಲಿ 2,060 ಇದ್ದ ಮೂಸ್ 2024ರಲ್ಲಿ 840ಕ್ಕೆ ಇಳಿದಿತ್ತು.

ಇಲ್ಲಿ ನಮ್ಮ ವಾಚಕರ ಮನಸ್ಸಿನಲ್ಲಿ ಒಂದು ಸಂದೇಹ ಮೂಡುವುದು ಸಹಜ. ಕೊಂದು ತಿನ್ನುವ ಪ್ರಾಣಿಯನ್ನು ತಂದು ಬಿಡುವುದು ಹಿಂಸೆಗೆ ನೆರವಾದಂತಲ್ಲವೆ? ಈ ಸಂದೇಹವನ್ನು ಹಗುರವಾಗಿ ತಳ್ಳಿಹಾಕಬಾರದು. ತೋಳದ ಬಾಯಿಗೆ ಸಿಕ್ಕ ಮೂಸ್ ಮರಿಯ ನೋವು ನೋವೇ. ಕಾಡಿನ ಸಮತೋಲದ ಹೆಸರಿನಲ್ಲಿ ಅದನ್ನು ಇಲ್ಲವೆನ್ನಲಾಗದು. ಆದರೆ ತೋಳವಿಲ್ಲದ ದ್ವೀಪ ಹಿಂಸೆಯಿಲ್ಲದ ದ್ವೀಪವಾಗಿರಲಿಲ್ಲ ಎಂಬುದಕ್ಕೆ 1930ರ ದಶಕದ ಸಾವುಗಳೂ, ತೋಳಗಳು ಕುಗ್ಗಿದ್ದ ಕಾಲದ 1996ರ ಸಾವುಗಳೂ ಸಾಕ್ಷಿ. ಪ್ರಾಣಿಯ ಆಹಾರ ಅದರ ದೇಹಧರ್ಮ, ಅದಕ್ಕೆ ಆಯ್ಕೆಯಿಲ್ಲ. ಭಗವಾನ್ ಮಹಾವೀರರ ಪೂರ್ವಭವಗಳಲ್ಲಿ ಒಂದು ಸಿಂಹದ ಭವವಾಗಿತ್ತೆಂದು ಪುರಾಣಗಳು ಹೇಳುವಾಗ, ಬೇಟೆಯಾಡುವ ಜೀವವೂ ಆತ್ಮಕಲ್ಯಾಣದ ದಾರಿಯ ಹೊರಗಿಲ್ಲವೆಂಬ ಅರ್ಥವೇ ಅಲ್ಲಿದೆ. ವ್ರತವಿರುವುದು ಮನುಷ್ಯನಿಗೆ. ತೋಳದ ಹಿಂಸೆಗೆ ನಾವು ನ್ಯಾಯಾಧೀಶರಾಗಬೇಕಿಲ್ಲ, ನಮ್ಮ ಪ್ರಮಾದಕ್ಕೆ ನಾವು ಉತ್ತರ ಕೊಡಬೇಕಾಗಿದೆ.

ನಮ್ಮ ನಾಡಿನ ದ್ವೀಪಗಳು

ದ್ವೀಪವಾಗಲು ಸುತ್ತಲೂ ನೀರೇ ಇರಬೇಕೆಂದಿಲ್ಲ. ಹೊಲ, ರಸ್ತೆ, ಊರುಗಳ ನಡುವೆ ಉಳಿದ ಕುರುಚಲು ಕಾಡಿನ ತುಂಡೂ ತೋಳದ ಪಾಲಿಗೆ ದ್ವೀಪವೇ. ಭಾರತದ ಬಯಲುಸೀಮೆಯ ತೋಳ ಜಗತ್ತಿನ ತೋಳಗಳಲ್ಲಿಯೇ ಬಹು ಪ್ರಾಚೀನವಾದ ಶಾಖೆಯೆಂದು ಈಚಿನ ತಳಿಶಾಸ್ತ್ರದ ಅಧ್ಯಯನಗಳು ತಿಳಿಸಿವೆ. 2022ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ದೇಶದಲ್ಲಿ ಉಳಿದಿರುವ ವಯಸ್ಕ ತೋಳಗಳು 3,100ರ ಆಸುಪಾಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ಕರ್ನಾಟಕದಲ್ಲಿ ಮಂಡ್ಯ ಜಿಲ್ಲೆಯ ಮೇಲುಕೋಟೆ ವನ್ಯಧಾಮವನ್ನು 1974ರಲ್ಲಿ ಘೋಷಿಸಿದ್ದು ತೋಳವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಚೆಗೆ ತೋಳಧಾಮವೊಂದು ರೂಪುಗೊಂಡಿದೆ. ಮೇಲುಕೋಟೆಯ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್, ಎಂದರೆ ಐಲ್ ರಾಯಲ್ ದ್ವೀಪದ ಹತ್ತನೆಯ ಒಂದು ಪಾಲೂ ಇಲ್ಲ. ಬಂಕಾಪುರದ್ದು ಸುಮಾರು 332 ಹೆಕ್ಟೇರ್ ಮಾತ್ರ. 535 ಚದರ ಕಿಲೋಮೀಟರಿನಲ್ಲಿಯೇ ಒಳಸಂಬಂಧದಿಂದ ಬೆನ್ನೆಲುಬು ಬಾಗಿದ ಪ್ರಾಣಿಗೆ ಈ ತುಂಡುಗಳು ಮಾತ್ರವೇ ಸಾಲವೆಂಬುದು ಸ್ಪಷ್ಟ. ತುಂಡುಗಳ ನಡುವಿನ ಗೋಮಾಳ, ಹುಲ್ಲುಗಾವಲು, ಬೀಳು ಭೂಮಿಗಳೇ ಇಲ್ಲಿಯ ಹಿಮಸೇತುವೆ.

ಐಲ್ ರಾಯಲ್‌ನಲ್ಲಿ ಇಲ್ಲದ ಒಬ್ಬ ಮನುಷ್ಯ ನಮ್ಮ ಬಯಲುಗಳಲ್ಲಿದ್ದಾನೆ. ಅವನು ಕುರಿಗಾಹಿ. ತೋಳವನ್ನು ಉಳಿಸಬೇಕೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಅದರ ಖರ್ಚು ಬೀಳುವುದು ಒಂದೆರಡು ಕುರಿಗಳನ್ನು ಕಳೆದುಕೊಂಡ ಆ ಬಡವನ ಖಾತೆಗೆ. ಪುಣ್ಯ ನಮಗೆ, ಖರ್ಚು ಅವನಿಗೆ ಎಂಬಂಥ ದಯೆ ದಯೆಯಲ್ಲ. ಸರ್ಕಾರದ ಪರಿಹಾರ ಅವನ ಕೈ ಸೇರುವಂತೆ ಅರ್ಜಿ ಬರೆದುಕೊಡುವುದು, ತಡವಾದಾಗ ಸ್ಥಳೀಯ ದಾನದಿಂದ ನೆರವಾಗುವುದು ನಮ್ಮಿಂದ ಆಗದ ಕಾರ್ಯವಲ್ಲ.

ಬಸದಿಗಳ ಟ್ರಸ್ಟುಗಳೂ ಕುಟುಂಬಗಳೂ ಬೆಟ್ಟದ ತಪ್ಪಲಿನಲ್ಲಿ, ಊರಾಚೆಯ ಬಯಲಿನಲ್ಲಿ ಜಮೀನು ಹೊಂದಿರುವುದುಂಟು. ಆ ಭೂಮಿಯಲ್ಲಿ ಬಳಕೆ ತಪ್ಪಿದ ತೆರೆದ ಬಾವಿ ಇದೆಯೆ, ಕಲ್ಲು ತೆಗೆದು ಹಾಗೆಯೇ ಬಿಟ್ಟ ಗುಂಡಿ ಇದೆಯೆ ಎಂದು ಒಮ್ಮೆ ನೋಡಿ ಕಟ್ಟೆಯನ್ನೋ ಬೇಲಿಯನ್ನೋ ಹಾಕಿಸಬೇಕು. ಕ್ಷೇತ್ರಗಳಲ್ಲಿ ಯಾತ್ರಿಕರ ಎಂಜಲು ಬಯಲಿಗೆ ಬೀಳದಂತೆ ನೋಡಿಕೊಂಡರೆ ಅದನ್ನರಸಿ ನಾಯಿಗಳ ಹಿಂಡು ಬೆಳೆಯುವುದಿಲ್ಲ. ಇರುವ ನಾಯಿಗಳಿಗೆ ಲಸಿಕೆ ಹಾಕಿಸಿದರೆ ಅವುಗಳಿಗೂ ಹಿತ, ಕಾಡಿನ ಜೀವಗಳಿಗೂ ಹಿತ. ಹುಲ್ಲಿನ ಬಯಲು ಪಾಳುಭೂಮಿಯೆಂದು ಭಾವಿಸಿ, ಪುಣ್ಯಕಾರ್ಯವೆಂಬ ಹುಮ್ಮಸ್ಸಿನಲ್ಲಿ ಅಲ್ಲೆಲ್ಲ ಗುಂಡಿ ತೋಡಿ ಸಸಿ ನೆಡುವ ಮೊದಲು, ಅಲ್ಲಿ ಈಗಾಗಲೇ ವಾಸವಾಗಿರುವವರು ಯಾರೆಂದು ಬಲ್ಲವರನ್ನು ಕೇಳಬೇಕು. ಇವೆಲ್ಲ ಅಲ್ಪವೆಚ್ಚದ ಕಾರ್ಯಗಳು. ಇದಕ್ಕೆ ಬೇಕಾದುದು ಎಚ್ಚರ ಮಾತ್ರ.

ತಾಮ್ರದ ಗಣಿಯವರು ಹೊರಡುವ ದಿನ ನಾಲ್ಕು ಹಲಗೆಗಳನ್ನು ಅಡ್ಡಲಾಗಿ ಬಡಿದಿದ್ದರೆ, ನೂರು ವರ್ಷಗಳ ಮೇಲೆ ಮೂರು ಜೀವಗಳು ಉಳಿಯಬಹುದಿತ್ತು. ಸಮಾಜಬಾಂಧವರು ಈ ವರ್ಷ ತಮ್ಮ ತಮ್ಮ ಜಮೀನುಗಳನ್ನು ಸುತ್ತಿನೋಡುವಾಗ ಇದನ್ನು ನೆನೆಯುವರೆಂದು ಆಶಿಸುತ್ತೇನೆ.